ಮೀಟರಿನಲ್ಲಿ 93, ಮೆದುಳಿನ ಆಳದಲ್ಲಿ 3: ಸ್ಟೆಮ್ ಸೆಲ್‌ಗೆ ಆಕ್ಸಿಜನ್ ಎಷ್ಟು ಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಸಿಂಧನೂರು ತಾಲೂಕಿನವರು. ನಮ್ಮ ಅಕ್ಕನಿಗೆ ಎಂಟು ತಿಂಗಳಿಗೇ ಹೆರಿಗೆ ಆಯಿತು. ಮಗು 1.8 ಕೆ.ಜಿ. ಇತ್ತು, ಹುಟ್ಟಿದ ಕೂಡಲೇ ಅಳಲಿಲ್ಲ. ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ಇಟ್ಟು ಆಕ್ಸಿಜನ್ ಕೊಟ್ಟರು. ಎರಡನೇ ದಿನಕ್ಕೇ ಸಿಸ್ಟರ್ ಅದನ್ನು ಕಡಿಮೆ ಮಾಡುತ್ತಾ ಬಂದರು. "ಸಿಲಿಂಡರ್ ತುಂಬೈತಲ್ಲ, ಯಾಕ ಕಡಿಮಿ ಮಾಡ್ತೀರಿ" ಅಂತ ನಮ್ಮವ್ವ ಜಗಳ ತೆಗೆದಳು. ಈಗ ಮಗುವಿಗೆ 24 ದಿನ, ಮನೆಗೆ ಬಂದಿದೆ. ಮೊನ್ನೆ ತಮ್ಮ ಒಂದು ವಿಡಿಯೋ ತೋರಿಸಿದ. ಮೆದುಳಿನ ಸ್ಟೆಮ್ ಸೆಲ್‌ಗಳು ಕಡಿಮೆ ಆಕ್ಸಿಜನ್ನಿನಲ್ಲೇ ಚೆನ್ನಾಗಿ ಬೆಳೆಯುತ್ತವಂತೆ. ಹಾಗಾದರೆ ಹುಟ್ಟುವಾಗ ಆಕ್ಸಿಜನ್ ಕಡಿಮೆ ಆಗಿದ್ದು ಒಳ್ಳೆಯದೇ ಆಯ್ತಾ? ಪರಿಚಯದವರೊಬ್ಬರು ದೊಡ್ಡ ಊರಿಗೆ ಹೋಗಿ ಸ್ಟೆಮ್ ಸೆಲ್ ಇಂಜೆಕ್ಷನ್ ಹಾಕಿಸಿ ಅನ್ನುತ್ತಿದ್ದಾರೆ. ಹಾಕಿಸಬಹುದಾ?

ಉತ್ತರ: ವಿಡಿಯೋ, ಇಂಜೆಕ್ಷನ್ ಮಾತು ಆಮೇಲೆ. ಮೊದಲು ಡಿಸ್ಚಾರ್ಜ್ ಚೀಟಿ ತೆಗೆದು, ಮಗುವಿನ ಕಣ್ಣಿನ ಒಳಪರದೆಯ ಪರೀಕ್ಷೆ ಆಗಿದೆಯಾ ನೋಡಿ. 2 ಕೆ.ಜಿ.ಗಿಂತ ಕಡಿಮೆ ತೂಕದ, ಅಥವಾ 34 ವಾರ ತುಂಬುವ ಮೊದಲೇ ಹುಟ್ಟಿದ ಮಕ್ಕಳಿಗೆ ನಮ್ಮ ದೇಶದಲ್ಲಿ 30 ದಿನದ ಒಳಗೆ ಈ ಪರೀಕ್ಷೆ ಆಗಬೇಕು. ಆಗಿಲ್ಲದಿದ್ದರೆ ನಾಳೆಯೇ ರಾಯಚೂರಿಗೆ ಹೊರಡಿ. ಇದಕ್ಕೂ ಆಕ್ಸಿಜನ್ನಿಗೂ ನೇರ ಸಂಬಂಧ ಇದೆ. ಅದನ್ನು ಮುಂದೆ ಹೇಳುತ್ತೇನೆ.

ನಾನು ಬಳ್ಳಾರಿಯಲ್ಲಿ ಮೆಡಿಕಲ್ ಮಕ್ಕಳಿಗೆ ಫಿಸಿಯಾಲಜಿ ಪಾಠ ಮಾಡುವವಳು. ಮಕ್ಕಳ ಡಾಕ್ಟರ್ ಅಲ್ಲ. ಹಾಗಾಗಿ ನಿಮ್ಮ ಮಗುವಿಗೆ ಹೀಗೇ ಆಗುತ್ತದೆ ಅಂತ ನಾನು ಹೇಳಲಾರೆ. ಆದರೆ ಆ ವಿಡಿಯೋದ ಮಾತು ಎಲ್ಲಿಂದ ಬಂತು, ಅದರಲ್ಲಿ ನಿಜ ಎಷ್ಟು ಅನ್ನುವುದನ್ನು ಹೇಳಬಲ್ಲೆ.

ನಿಮ್ಮವ್ವ ಜಗಳ ತೆಗೆದಿದ್ದರಲ್ಲಿ ನನಗೇನೂ ಆಶ್ಚರ್ಯ ಇಲ್ಲ. 2021ರ ಏಪ್ರಿಲ್, ಮೇ ತಿಂಗಳ ಕೋವಿಡ್ ದಿನಗಳನ್ನು ನಮ್ಮ ಭಾಗದವರು ಮರೆಯುವುದುಂಟಾ? ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಆಕ್ಸಿಜನ್ ಟ್ಯಾಂಕರುಗಳು ಹೊರಟವು. ಅಲ್ಲೇ ಪಕ್ಕದಲ್ಲಿ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಎದ್ದಿತು, ಕಾರ್ಖಾನೆಯಿಂದ ಪೈಪಿನಲ್ಲೇ ಆಕ್ಸಿಜನ್ ಬಂತು. ಆಗಿನಿಂದ ಆಕ್ಸಿಜನ್ ಅಂದರೆ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಜನರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ವಿಡಿಯೋ ಇದಕ್ಕೆ ಪೂರ್ತಿ ಉಲ್ಟಾ ಹೇಳುತ್ತದೆ. ಅವ್ವನ ಮಾತೂ ಅರ್ಧ, ವಿಡಿಯೋದ ಮಾತೂ ಅರ್ಧ.

ಎರಡು ಬೇರೆ ಬೇರೆ ಅಂಕಿಗಳನ್ನು ಒಂದೇ ಅಂದುಕೊಳ್ಳುವುದರಿಂದ ಈ ಗೊಂದಲ ಶುರುವಾಗುತ್ತದೆ. ಆಸ್ಪತ್ರೆಯಲ್ಲಿ ಮಗುವಿನ ಪಾದಕ್ಕೋ ಕೈಗೋ ಕೆಂಪು ದೀಪದ ಪಟ್ಟಿ ಸುತ್ತಿ, ಮೀಟರಿನಲ್ಲಿ 92, 94 ಅಂತ ನೋಡುತ್ತಿದ್ದರಲ್ಲ, ಅದು ರಕ್ತದ ಲೆಕ್ಕ. ಹಿಮೋಗ್ಲೋಬಿನ್ನಿನಲ್ಲಿ ಆಕ್ಸಿಜನ್ ಕೂರುವ ಜಾಗಗಳಿವೆ. ಅವುಗಳಲ್ಲಿ ನೂರಕ್ಕೆ ಎಷ್ಟು ತುಂಬಿವೆ ಅಂತ ಅದು ಹೇಳುತ್ತದೆ. ವಿಡಿಯೋದವರು ಹೇಳುವ 'ಕಡಿಮೆ ಆಕ್ಸಿಜನ್' ಅಂದರೆ 3%, 5%, ಅದು ಬೇರೆ ಲೆಕ್ಕ. ಗಾಳಿಯಲ್ಲಿ ಆಕ್ಸಿಜನ್ ಪಾಲು ಎಷ್ಟು ಅನ್ನುವ ಅಳತೆ ಅದು. ಹೊರಗಿನ ಗಾಳಿಯಲ್ಲಿ ಅದು 21%. ಶ್ವಾಸಕೋಶದ ಒಳಗೆ ನೀರಾವಿ, ಇಂಗಾಲದ ಡೈಆಕ್ಸೈಡ್ ಬೆರೆತು 13-14%ಕ್ಕೆ ಇಳಿಯುತ್ತದೆ. ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಕೂದಲಿಗಿಂತ ಸಣ್ಣ ನಾಳಕ್ಕೆ, ನಾಳದ ಗೋಡೆ ದಾಟಿ ಜೀವಕೋಶಕ್ಕೆ. ದಾರಿಯುದ್ದಕ್ಕೂ ಕಡಿಮೆಯಾಗುತ್ತಲೇ ಹೋಗುತ್ತದೆ. ಮೆದುಳಿನ ಒಳಗೆ ಕೊನೆಗೆ ಉಳಿಯುವುದು, ಜಾಗ ನೋಡಿಕೊಂಡು, 1ರಿಂದ 8% ಅಷ್ಟೇ. ಆರೋಗ್ಯವಾಗಿರುವ ನನಗೂ ಅಷ್ಟೇ, ನಿಮಗೂ ಅಷ್ಟೇ. ಮೆದುಳು ಅಷ್ಟು ಖರ್ಚು ಮಾಡುತ್ತದೆ. ದೊಡ್ಡವರಲ್ಲಿ ದೇಹದ ತೂಕದ 2% ಮಾತ್ರ ಇರುವ ಈ ಅಂಗ, ಒಟ್ಟು ಆಕ್ಸಿಜನ್ನಿನ ಸುಮಾರು 20% ತಿನ್ನುತ್ತದೆ.

ಅಂದರೆ ಆಳದಲ್ಲಿ 3 ಉಳಿಯಬೇಕಾದರೆ ಮೀಟರಿನಲ್ಲಿ 93 ಇರಬೇಕು. ರಕ್ತವೇ ಬರಿದಾಗಿ ಬಂದರೆ ಆಳದ 3 ಸೊನ್ನೆಯ ಕಡೆ ಜಾರುತ್ತದೆ. ವಿಡಿಯೋ ಮಾಡಿದವರು ಬಿಟ್ಟ ಮಾತು ಇದೇ.

ಇನ್ನು ಸ್ಟೆಮ್ ಸೆಲ್ ವಿಷಯ. ಮೆದುಳಿನ ನಡುವೆ ದ್ರವ ತುಂಬಿದ ಕೋಣೆಗಳಿವೆ. ಅವುಗಳ ಗೋಡೆಗೆ ಹತ್ತಿಕೊಂಡ ತೆಳು ಪದರದಲ್ಲಿ ನರ ಸ್ಟೆಮ್ ಸೆಲ್‌ಗಳು ಇರುತ್ತವೆ. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಅನ್ನುವ ಭಾಗದಲ್ಲೂ ಒಂದಷ್ಟು. ಇವು ಎರಡಾಗಿ ಒಡೆದು ತಮ್ಮಂಥದ್ದೇ ಇನ್ನೊಂದು ಕೋಶ ಮಾಡಬಲ್ಲವು. ಅಥವಾ ನರಕೋಶವಾಗಿ, ನರಕೋಶಕ್ಕೆ ಆಸರೆ ಕೊಡುವ ಕೋಶವಾಗಿ ಬದಲಾಗಬಲ್ಲವು. ಒಂದು ಸಲ ನರಕೋಶ ಆಯಿತೆಂದರೆ ಮತ್ತೆ ಒಡೆಯುವುದಿಲ್ಲ. ಗರ್ಭದಲ್ಲಿ ಇವುಗಳ ಕೆಲಸ ಜೋರು. ದೊಡ್ಡವರ ಹಿಪೊಕ್ಯಾಂಪಸ್ಸಿನಲ್ಲಿ ಹೊಸ ನರಕೋಶ ಹುಟ್ಟುತ್ತದಾ ಅನ್ನುವುದರ ಮೇಲೆ ಇನ್ನೂ ಜಗಳ ಇದೆ. 1998ರಲ್ಲಿ ಹೌದು ಅಂದರು. 2018ರಲ್ಲಿ ಒಂದು ತಂಡ ಕಾಣಲಿಲ್ಲ ಅಂತು, ಇನ್ನೊಂದು ತಂಡ ಮುದುಕರಲ್ಲೂ ಕಂಡಿತು ಅಂತು. ನಿಮ್ಮ ಪ್ರಶ್ನೆಗೆ ಆ ಜಗಳ ಬೇಕಾಗಿಲ್ಲ, ಬಿಡಿ.

ಈ ಕೋಶಗಳನ್ನು ಲ್ಯಾಬಿನಲ್ಲಿ ಇನ್‌ಕ್ಯುಬೇಟರ್ ಅನ್ನುವ ಪೆಟ್ಟಿಗೆಯಲ್ಲಿ ಬೆಳೆಸುತ್ತಾರೆ. 37 ಡಿಗ್ರಿ ಶಾಖ, 5% ಇಂಗಾಲದ ಡೈಆಕ್ಸೈಡ್, ಉಳಿದಿದ್ದೆಲ್ಲ ಕೋಣೆಯ ಗಾಳಿ. ಬಹಳ ವರ್ಷ ಎಲ್ಲರೂ ಹೀಗೇ ಬೆಳೆಸಿದರು. ಹತ್ತಿರ ಹತ್ತಿರ 20% ಆಕ್ಸಿಜನ್ ಆಯಿತು. ಮೆದುಳಿನಲ್ಲಿ ಯಾವತ್ತೂ ಕಾಣದಷ್ಟು ಆಕ್ಸಿಜನ್ನಿನಲ್ಲಿ ಮೆದುಳಿನ ಕೋಶ ಬೆಳೆಸಿ, ಅದನ್ನೇ 'ನಾರ್ಮಲ್' ಅಂತ ಬರೆದುಕೊಂಡರು! 2000ದಲ್ಲಿ ಅಮೆರಿಕದ ಎರಡು ತಂಡಗಳು ಇದನ್ನು ಬದಲಾಯಿಸಿ ನೋಡಿದವು. ಲೊರೆನ್ಜ್ ಸ್ಟೂಡರ್, ರಾನ್ ಮೆಕೇ ಇದ್ದ ತಂಡ ಇಲಿಯ ನಡುಮೆದುಳಿನ ಎಳೆ ಕೋಶಗಳನ್ನು ಸುಮಾರು 3%ನಲ್ಲಿ ಬೆಳೆಸಿತು. ಕೋಶಗಳ ಸಂಖ್ಯೆ ಹೆಚ್ಚಿತು, ಸಾಯುವುದು ಕಡಿಮೆಯಾಯಿತು. ಕೈಕಾಲು ನಡುಗುವ ಪಾರ್ಕಿನ್‌ಸನ್ ಕಾಯಿಲೆಯಲ್ಲಿ ನಾಶವಾಗುತ್ತವಲ್ಲ, ಡೋಪಮಿನ್ ಮಾಡುವ ನರಕೋಶಗಳು, ಅವೂ ಜಾಸ್ತಿ ಹುಟ್ಟಿದವು. ಶಾನ್ ಮಾರಿಸನ್ ತಂಡ ಇನ್ನೊಂದು ಬಗೆಯ ನರ ಸ್ಟೆಮ್ ಸೆಲ್‌ಗಳನ್ನು 5%ನಲ್ಲಿಟ್ಟು ಹೆಚ್ಚುಕಡಿಮೆ ಇಂಥದ್ದೇ ಫಲ ಕಂಡಿತು. ನಿಮ್ಮ ತಮ್ಮ ನೋಡಿದ ವಿಡಿಯೋದ ಮೂಲ ಬೇರು ಇಂಥ ಪ್ರಯೋಗಗಳೇ.

ಆ ಪೆಟ್ಟಿಗೆಯ ಕಥೆಯನ್ನೂ ಸ್ವಲ್ಪ ಕೇಳಿ. 3% ಮಾಡಲು ಆಕ್ಸಿಜನ್ನನ್ನು ಹೀರಿ ತೆಗೆಯುವುದಿಲ್ಲ. ಪಕ್ಕದಲ್ಲಿ ನೈಟ್ರೋಜನ್ ಸಿಲಿಂಡರ್ ನಿಲ್ಲಿಸಿ, ಅದನ್ನು ಒಳಗೆ ಬಿಟ್ಟು ಗಾಳಿಯನ್ನು ಹೊರದಬ್ಬುತ್ತಾರೆ. ಬಾಗಿಲು ತೆಗೆದರೆ ಮುಗಿಯಿತು. ಕೋಣೆಯ ಗಾಳಿ ನುಗ್ಗುತ್ತದೆ, ಅಂಕಿ ಸರ್ರನೆ ಏರುತ್ತದೆ, ಅಲಾರಂ ಕೂಗುತ್ತದೆ. ಮತ್ತೆ ಇಳಿಯಲು ಹೊತ್ತು ಹಿಡಿಯುತ್ತದೆ. ತಟ್ಟೆಯೊಳಗಿನ ದ್ರವ ಹೊಸ ಮಟ್ಟಕ್ಕೆ ಹೊಂದಿಕೊಳ್ಳಲಂತೂ ಗಂಟೆಗಟ್ಟಲೆ ಬೇಕು. ತಟ್ಟೆಯಲ್ಲಿ ದ್ರವ ಎಷ್ಟು ಆಳ ಇದೆ, ಕೋಶಗಳು ಎಷ್ಟು ಒತ್ತಾಗಿವೆ ಅನ್ನುವುದರ ಮೇಲೂ ತಳದ ಕೋಶಕ್ಕೆ ಸಿಗುವ ಆಕ್ಸಿಜನ್ ಬದಲಾಗುತ್ತದೆ. ಹಾಗಾಗಿ ಪೆಟ್ಟಿಗೆಯ ಮೇಲೆ 3 ಅಂತ ಇದ್ದರೆ ಕೋಶಕ್ಕೆ ಸಿಕ್ಕಿದ್ದೂ 3 ಅಂತ ಅಲ್ಲ. ಇಷ್ಟು ಹಿಡಿತ ಇರುವ ಲ್ಯಾಬಿನಲ್ಲೇ ಹೀಗಾದರೆ, ಹೆರಿಗೆ ಕೋಣೆಯಲ್ಲಿ ಉಸಿರು ಕಟ್ಟಿದ ಮಗುವಿನ ಮೆದುಳಿಗೆ ಆ 3ನ್ನು ತಂದು ಅಂಟಿಸುವುದು ಹೇಗೆ ಹೇಳಿ.

ಆಕ್ಸಿಜನ್ ಕಡಿಮೆ ಇದೆ ಅಂತ ಕೋಶಕ್ಕೆ ಹೇಗೆ ಗೊತ್ತಾಗುತ್ತದೆ? ಇದು ನನಗೆ ತುಂಬಾ ಇಷ್ಟದ ಪಾಠ. ಎಚ್‌ಐಎಫ್-1 ಆಲ್ಫಾ ಅನ್ನುವ ಪ್ರೋಟೀನನ್ನು ಕೋಶ ಸುಮ್ನೆ ಮಾಡುತ್ತಲೇ ಇರುತ್ತದೆ, ಮಾಡಿದ ಹಾಗೇ ಕೆಡವುತ್ತಲೂ ಇರುತ್ತದೆ. ಕೆಡವಬೇಕಾದರೆ ಅದಕ್ಕೆ ಒಂದು ಗುರುತು ಹಾಕಬೇಕು. ಆ ಗುರುತು ಹಾಕಲು ಆಕ್ಸಿಜನ್ನೇ ಬೇಕು. ಆಕ್ಸಿಜನ್ ಇದ್ದರೆ ಪ್ರೋಟೀನು ಕೆಲವೇ ನಿಮಿಷದಲ್ಲಿ ಮಾಯ. ಇಲ್ಲದಿದ್ದರೆ ಗುರುತು ಬೀಳುವುದಿಲ್ಲ, ಅದು ಉಳಿದುಕೊಂಡು ಕೋಶಕೇಂದ್ರಕ್ಕೆ ಹೋಗಿ ಜೀನುಗಳನ್ನು ಎಬ್ಬಿಸುತ್ತದೆ. ಹೊಸ ರಕ್ತನಾಳ ಕರೆಸಿಕೊಳ್ಳುವ ಜೀನು, ಕೆಂಪು ರಕ್ತಕಣ ಹೆಚ್ಚಿಸುವ ಜೀನು, ಆಕ್ಸಿಜನ್ ಇಲ್ಲದೆ ಸಕ್ಕರೆ ಒಡೆದು ಶಕ್ತಿ ಪಡೆಯುವ ಜೀನು, ಹೀಗೆ. ಇದನ್ನು ಬಿಡಿಸಿಟ್ಟ ಗ್ರೆಗ್ ಸೆಮೆನ್ಜಾ, ಪೀಟರ್ ರಾಟ್‌ಕ್ಲಿಫ್, ವಿಲಿಯಂ ಕೇಲಿನ್ ಅವರಿಗೆ 2019ರಲ್ಲಿ ನೊಬೆಲ್ ಬಂತು. ನರ ಸ್ಟೆಮ್ ಸೆಲ್‌ಗಳಲ್ಲಿ ಇದೇ ಪ್ರೋಟೀನು 'ನಾಚ್' ಅನ್ನುವ ಸಂಕೇತದ ಜೊತೆ ಸೇರಿಕೊಂಡು, ಇನ್ನೂ ಬಲಿಯಬೇಡ, ಎಳೆಯದಾಗಿಯೇ ಇರು ಅಂತ ತಡೆದು ನಿಲ್ಲಿಸುತ್ತದೆ. 2005ರಲ್ಲಿ ಸ್ವೀಡನ್ನಿನ ತಂಡವೊಂದು ಇದನ್ನು ತೋರಿಸಿತು.

ಎಳೆಯದಾಗಿಯೇ ಇರುವುದು ಯಾವಾಗಲೂ ಒಳ್ಳೆಯದಲ್ಲ, ಅಲ್ವಾ? 2016ರಲ್ಲಿ ಪ್ರಕಟವಾದ ಒಂದು ಇಲಿ ಪ್ರಯೋಗ ಇದನ್ನೇ ತೋರಿಸುತ್ತದೆ. ಭ್ರೂಣದ ಮೆದುಳಿಗೆ ಮೊದಮೊದಲು ರಕ್ತನಾಳಗಳು ಪೂರ್ತಿ ಬಂದಿರುವುದಿಲ್ಲ. ಆಕ್ಸಿಜನ್ ಕಡಿಮೆ, ಸ್ಟೆಮ್ ಸೆಲ್‌ಗಳು ಸಂಖ್ಯೆ ಹೆಚ್ಚಿಸಿಕೊಳ್ಳುತ್ತಾ ಇರುತ್ತವೆ. ನಾಳಗಳು ಒಳಗೆ ಬಂದ ಹಾಗೆ ಆಕ್ಸಿಜನ್ ಏರುತ್ತದೆ, ಅದೇ ಹೊತ್ತಿಗೆ ಕೋಶಗಳು ನರಕೋಶಗಳಾಗಿ ಬಲಿಯಲು ಶುರುಮಾಡುತ್ತವೆ. ಮೆದುಳಿಗೆ ನಾಳ ಬರದ ಹಾಗೆ ಜೀನು ಬದಲಿಸಿದ ಇಲಿಗಳಲ್ಲಿ ಸ್ಟೆಮ್ ಸೆಲ್‌ಗಳ ರಾಶಿ ಬೆಳೆಯಿತು, ನರಕೋಶ ಆಗುವುದು ಕುಂಟಿತು. ಅಂಥ ಭ್ರೂಣಗಳಿಗೆ ಹೆಚ್ಚು ಆಕ್ಸಿಜನ್ ಸಿಗುವ ಹಾಗೆ ಮಾಡಿದಾಗ ಕೋಶಗಳು ಮತ್ತೆ ಬಲಿಯತೊಡಗಿದವು. ಹಾಗಾಗಿ ಸ್ಟೆಮ್ ಸೆಲ್‌ಗೆ ಕಡಿಮೆ ಬೇಕು ಅನ್ನುವುದು ಅರ್ಧ ಮಾತು. ಯಾವ ಹೊತ್ತಿಗೆ, ಯಾವ ಜಾಗದಲ್ಲಿ, ಎಷ್ಟು ಕಡಿಮೆ ಅನ್ನುವುದನ್ನೂ ಹೇಳಬೇಕು.

ಸಿಂಧನೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗದ್ದೆಯಲ್ಲಿ ನೀರು ನಿಂತರೂ ಭತ್ತ ನಗುತ್ತಾ ಬೆಳೆಯುತ್ತದೆ. ಅದೇ ನೀರು ತೊಗರಿ ಹೊಲದಲ್ಲಿ ನಿಂತರೆ ಬೇರು ಕೊಳೆಯುತ್ತದೆ, ಅದೂ ಬೇರಿಗೆ ಆಕ್ಸಿಜನ್ ಸಿಗದೆ. ಮಗುವಿನ ಮೆದುಳಿನಲ್ಲಿ ಎರಡೂ ಬೆಳೆ ಒಂದೇ ಹೊಲದಲ್ಲಿವೆ. ಎಂಟು ತಿಂಗಳ ಹೊತ್ತಿಗೆ ಮೆದುಳಿನ ಮೇಲ್ಪದರದ ಹೆಚ್ಚಿನ ನರಕೋಶಗಳು ಹುಟ್ಟಿ ಮುಗಿದಿರುತ್ತವೆ. ಅವಕ್ಕೆ ಆಕ್ಸಿಜನ್ ನಿಂತರೆ ತಡೆಯಲಾಗುವುದಿಲ್ಲ. ನರಗಳಿಗೆ ಕೊಬ್ಬಿನ ಹೊದಿಕೆ ಹಾಕುವ ಎಳೆ ಕೋಶಗಳೂ ಆ ವಯಸ್ಸಿನಲ್ಲಿ ತುಂಬಾ ನಾಜೂಕು. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳಲ್ಲಿ ಮೊದಲು ಪೆಟ್ಟು ತಿನ್ನುವುದು ಹೆಚ್ಚಾಗಿ ಇವೇ.

ಆದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ: ಇಲ್ಲ, ಹುಟ್ಟುವಾಗ ಆಕ್ಸಿಜನ್ ಕಡಿಮೆ ಆಗಿದ್ದು ಒಳ್ಳೆಯದಾಗಲಿಲ್ಲ. ಪೆಟ್ಟು ಬಿದ್ದ ಮೇಲೆ ಸ್ಟೆಮ್ ಸೆಲ್‌ಗಳು ಎಚ್ಚೆತ್ತು ಒಡೆಯುತ್ತವೆ ಅನ್ನುವುದೇನೋ ನಿಜ. 2002ರಲ್ಲಿ ಸ್ವೀಡನ್ನಿನಲ್ಲಿ, ಮೆದುಳಿನ ರಕ್ತನಾಳ ಕಟ್ಟಿಸಿದ ಇಲಿಗಳಲ್ಲಿ ಹೊಸ ನರಕೋಶಗಳು ಗಾಯದ ಕಡೆಗೆ ಹೋಗುವುದನ್ನು ನೋಡಿದರು. ಆದರೆ ಅವುಗಳಲ್ಲಿ 80%ಕ್ಕೂ ಹೆಚ್ಚು ಕೆಲವೇ ವಾರಗಳಲ್ಲಿ ಸತ್ತವು. ಕಳೆದುಹೋದ ನರಕೋಶಗಳಲ್ಲಿ ತುಂಬಿಕೊಂಡಿದ್ದು 0.2% ಮಾತ್ರ. ಹಾಗಂತ ಗಾಬರಿ ಬೇಡ. ಹುಟ್ಟಿದ ಕೂಡಲೇ ಅಳದ ಎಷ್ಟೋ ಮಕ್ಕಳು ಮುಂದೆ ಚೆನ್ನಾಗಿಯೇ ಬೆಳೆಯುತ್ತಾರೆ. ಉಸಿರಾಟ ಶುರುವಾಗಲು ಎಷ್ಟು ಹೊತ್ತು ಹಿಡಿಯಿತು, ಮೊದಲ ದಿನಗಳಲ್ಲಿ ಫಿಟ್ಸ್ ಬಂತಾ, ಬಾಯಿಂದ ಹಾಲು ಯಾವಾಗ ಕುಡಿಯಿತು, ತಲೆಯ ಸ್ಕ್ಯಾನಿಂಗ್‌ನಲ್ಲಿ ಏನಿತ್ತು, ಇವು ಮುಖ್ಯ. ಎಲ್ಲ ಡಿಸ್ಚಾರ್ಜ್ ಚೀಟಿಯಲ್ಲಿ ಇರುತ್ತವೆ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಸಿಸ್ಟರ್ ಯಾಕೆ ಕಡಿಮೆ ಮಾಡಿದರು? ಹೊಟ್ಟೆಯಲ್ಲಿ ಇರುವಾಗ ಮಗುವಿಗೆ ಹೊಕ್ಕುಳಬಳ್ಳಿಯಿಂದ ಬರುವ ಒಳ್ಳೆಯ ರಕ್ತದಲ್ಲೂ ಆಕ್ಸಿಜನ್ನಿನ ಒತ್ತಡ ತಾಯಿಯ ಅಪಧಮನಿಯಲ್ಲಿ ಇರುವುದರ ಮೂರನೇ ಒಂದು ಭಾಗ ಅಷ್ಟೇ. ಮಗುವಿನ ಹಿಮೋಗ್ಲೋಬಿನ್ ಬೇರೆ ಬಗೆಯದು, ಅಷ್ಟರಲ್ಲೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆರೋಗ್ಯವಾಗಿ ಹುಟ್ಟಿದ ಮಗುವಿಗೂ ಮೊದಲ ನಿಮಿಷದಲ್ಲಿ ಮೀಟರ್ 60-65 ತೋರಿಸುತ್ತದೆ, ಹತ್ತನೇ ನಿಮಿಷಕ್ಕೆ 85ರಿಂದ 95ಕ್ಕೆ ಬರುತ್ತದೆ. ಅಷ್ಟು ಕಡಿಮೆಗೆ ಒಗ್ಗಿದ ಮಗುವಿಗೆ ಒಮ್ಮೆಲೇ ಶುದ್ಧ ಆಕ್ಸಿಜನ್ ಸುರಿದರೆ ಅದೂ ವಿಷವೇ. 1940ರ ದಶಕದಿಂದ 50ರ ದಶಕದ ಮೊದಲ ವರ್ಷಗಳವರೆಗೆ ಪಶ್ಚಿಮದ ದೊಡ್ಡ ಆಸ್ಪತ್ರೆಗಳು ಮಾಡಿದ್ದು ಅದನ್ನೇ. ಸಣ್ಣ ಮಕ್ಕಳಿಗೆ ಧಾರಾಳವಾಗಿ ಆಕ್ಸಿಜನ್ ಕೊಟ್ಟರು. ಕಣ್ಣಿನ ಒಳಪರದೆಯ ನಾಳಗಳು ಕೆಟ್ಟು ಸಾವಿರಾರು ಮಕ್ಕಳು ಕುರುಡಾದರು. ಆ ಕಾಯಿಲೆಯನ್ನು ಈಗ ಆರ್‌ಒಪಿ ಅನ್ನುತ್ತಾರೆ. ನಾನು ಮೊದಲೇ ಹೇಳಿದ ಕಣ್ಣಿನ ಪರೀಕ್ಷೆ ಇದಕ್ಕೇ. ಬೇಗ ಕಂಡುಹಿಡಿದರೆ ಲೇಸರ್ ಹಾಕಿ ದೃಷ್ಟಿ ಉಳಿಸಬಹುದು. ಅಪ್ಪ ಅಮ್ಮನಿಗೆ ಮೇಲುನೋಟಕ್ಕೆ ಏನೂ ಕಾಣುವುದಿಲ್ಲ, ಅದೇ ತೊಂದರೆ. ಜಿಲ್ಲೆಗಳ ಆಸ್ಪತ್ರೆಗೆ ತಂತ್ರಜ್ಞರು ಕ್ಯಾಮೆರಾ ತಂದು ಫೋಟೋ ತೆಗೆದು, ಬೆಂಗಳೂರಿನ ತಜ್ಞರು ನೋಡುವ ಕಿಡ್‌ರಾಪ್ ಅನ್ನುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿ 2008ರಿಂದ ಇದೆ. ನಿಮ್ಮ ಆಸ್ಪತ್ರೆಗೆ ಯಾವ ದಿನ ಯಾರು ಬರುತ್ತಾರೆ ಅಂತ ಫೋನ್ ಮಾಡಿ ವಿಚಾರಿಸಿ.

ಕುರುಡುತನದ ಭಯದಿಂದ ಆಮೇಲೆ ಆಕ್ಸಿಜನ್ ತೀರಾ ಬಿಗಿ ಹಿಡಿದರು. ಆಗ ಸಾವು ಹೆಚ್ಚಾಯಿತು. ತೀರಾ ಈಚಿನವರೆಗೂ ಈ ಎಳೆದಾಟ ಇತ್ತು. 2010ರಿಂದ ಪ್ರಕಟವಾದ, 28 ವಾರಕ್ಕೂ ಮೊದಲೇ ಹುಟ್ಟಿದ ಮಕ್ಕಳ ದೊಡ್ಡ ಅಧ್ಯಯನಗಳಲ್ಲಿ ಮೀಟರನ್ನು 85-89ರಲ್ಲಿ ಇಟ್ಟ ಗುಂಪನ್ನೂ 91-95ರಲ್ಲಿ ಇಟ್ಟ ಗುಂಪನ್ನೂ ಹೋಲಿಸಿದರು. ಕಡಿಮೆ ಇಟ್ಟ ಗುಂಪಿನಲ್ಲಿ ಕಣ್ಣಿನ ತೊಂದರೆ ಕಡಿಮೆ, ಸಾವು ಜಾಸ್ತಿ. ಈಗ ಸಾಮಾನ್ಯವಾಗಿ 90ರಿಂದ 95ರ ನಡುವೆ ಹಿಡಿಯುತ್ತಾರೆ. ಮೀಟರ್ 98 ತೋರಿಸಿದರೆ ನಮಗೆಲ್ಲ ಖುಷಿ. ಆಕ್ಸಿಜನ್ ಹಾಕಿರುವ ಎಂಟು ತಿಂಗಳ ಮಗುವಿಗೆ 98 ಬಂದರೆ ಸಿಸ್ಟರ್ ಎದ್ದು ಬಂದು ನಾಬ್ ತಿರುಗಿಸುತ್ತಾರೆ. ಕೊಡುವ ಗಾಳಿಯಲ್ಲಿ ಆಕ್ಸಿಜನ್ ಪಾಲು 40% ಇದ್ದಿದ್ದು 35, ಆಮೇಲೆ 30, ಕೊನೆಗೆ ಬರೀ ಗಾಳಿಯ 21. ಅವರು ಸಿಲಿಂಡರ್ ಉಳಿಸುತ್ತಿರಲಿಲ್ಲ, ಮಗುವಿನ ಕಣ್ಣು ಉಳಿಸುತ್ತಿದ್ದರು. ಮೆದುಳನ್ನೂ ಸಹ. ಹುಟ್ಟಿದ ವಾರದ ಇಲಿಮರಿಗಳನ್ನು 80% ಆಕ್ಸಿಜನ್ನಿನಲ್ಲಿ ಇಟ್ಟರೆ ಮೆದುಳಿನ ಕೋಶಗಳು ಸಾಯುತ್ತವೆ ಅಂತ 2004ರಲ್ಲೇ ಗೊತ್ತಾಗಿದೆ. ನಿಮ್ಮವ್ವನಿಗೆ ಇದನ್ನು ಓದಿ ಹೇಳಿ, ಸಮಾಧಾನ ಆದೀತು.

ಇಂಜೆಕ್ಷನ್ ಬೇಡ. ಇದರಲ್ಲಿ ಜಾಸ್ತಿ ಯೋಚಿಸುವುದೇ ಇಲ್ಲ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ, ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥ ಒಪ್ಪಿತ ಚಿಕಿತ್ಸೆ ಬಿಟ್ಟು ಬೇರೆ ಯಾವುದಕ್ಕೂ, ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್ ಹೊರತು, ಸ್ಟೆಮ್ ಸೆಲ್ ಕೊಡುವ ಹಾಗಿಲ್ಲ. ಟ್ರಯಲ್‌ನಲ್ಲಿ ರೋಗಿಯಿಂದ ದುಡ್ಡು ಕೇಳುವ ಹಾಗೂ ಇಲ್ಲ. ಹೀಗೆ ಮಾರುವ ಕೋಶಗಳು ಹೆಚ್ಚಾಗಿ ಮೂಳೆಯ ಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿಯಿಂದ ತೆಗೆದವು. ರಕ್ತನಾಳಕ್ಕೆ ಹಾಕಿದರೆ ಅವುಗಳಲ್ಲಿ ಬಹುಪಾಲು ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತವೆ. ಮೆದುಳಿಗೆ ಹೋಗಿ ನರಕೋಶ ಆಗುವ ಮಾತೇ ಇಲ್ಲ. ಲಕ್ಷಗಟ್ಟಲೆ ಕೇಳುತ್ತಾರೆ. ಹೊಲ ಅಡ ಇಟ್ಟು ಹೋಗಬೇಡಿ.

ಮನೆಯಲ್ಲಿ ನೋಡಿಕೊಳ್ಳಬೇಕಾದದ್ದು ಬೇರೆ ಇದೆ. ನಮ್ಮ ಕಡೆ ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಮಂಚದ ಕೆಳಗೆ ಕೆಂಡದ ಶೇಗಡಿ ಇಟ್ಟು, ಲೋಬಾನದ ಹೊಗೆ ಹಾಕುತ್ತಾರಲ್ಲ, ಅದನ್ನು ಇವತ್ತೇ ನಿಲ್ಲಿಸಿ. ಮುಚ್ಚಿದ ಕೋಣೆಯ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಹಿಮೋಗ್ಲೋಬಿನ್ನಿನಲ್ಲಿ ಆಕ್ಸಿಜನ್ ಕೂರುವ ಜಾಗದಲ್ಲೇ ಇದು ಹೋಗಿ ಕೂತುಬಿಡುತ್ತದೆ. ಬೆರಳಿಗೆ ಹಾಕುವ ಮೀಟರಿಗೆ ಎರಡರ ವ್ಯತ್ಯಾಸವೂ ತಿಳಿಯುವುದಿಲ್ಲ, 98 ಅಂತಲೇ ತೋರಿಸಬಹುದು. ಮೆದುಳಿಗೆ ಆಕ್ಸಿಜನ್ ಕಡಿಮೆ ಮಾಡುವ ವಸ್ತು ಮನೆಯಲ್ಲಿ ಯಾವುದಾದರೂ ಇದ್ದರೆ ಇದು. ಬೀಡಿ ಹೊಗೆಯೂ ಅಷ್ಟೇ, ಮನೆಯ ಗಂಡಸರಿಗೆ ಖಡಾಖಂಡಿತವಾಗಿ ಹೇಳಿ. ಮಗುವಿಗೆ ಬೆಚ್ಚಗೆ ಬೇಕಾದರೆ ಅಕ್ಕನ ಎದೆಗೆ ಚರ್ಮಕ್ಕೆ ಚರ್ಮ ತಾಗುವ ಹಾಗೆ ಕಟ್ಟಿಕೊಳ್ಳಲಿ. ಕಾಂಗರೂ ಆರೈಕೆ ಅಂತ ಆಸ್ಪತ್ರೆಯಲ್ಲಿ ಕಲಿಸಿರುತ್ತಾರೆ. ದಿನಕ್ಕೆ ಕನಿಷ್ಠ 8 ಗಂಟೆ, ಆದಷ್ಟು ಹೆಚ್ಚು. ಅವ್ವನೂ, ಮಗುವಿನ ಅಪ್ಪನೂ ಪಾಳಿ ಹಾಕಿಕೊಳ್ಳಬಹುದು.

ಕಣ್ಣಿನ ಜೊತೆಗೆ ಕಿವಿಯ ಪರೀಕ್ಷೆಯೂ ಆಗಲಿ. ಮುಂದಿನ ಬೆಳವಣಿಗೆ ನೋಡಲು ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಅನ್ನುವ ಕೇಂದ್ರಗಳಿವೆ, ಮಕ್ಕಳ ಆರೋಗ್ಯದ ಸರ್ಕಾರಿ ಕಾರ್ಯಕ್ರಮದಡಿ ಉಚಿತ. ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಹೇಳಿದರೆ ದಾರಿ ತೋರಿಸುತ್ತಾರೆ. ಅಕ್ಕಪಕ್ಕದ ಮಗುವಿನ ಜೊತೆ ಹೋಲಿಸುವಾಗ ಒಂದು ಲೆಕ್ಕ ನೆನಪಿರಲಿ. ನಿಮ್ಮ ಮಗು ಸುಮಾರು ಒಂದೂವರೆ ತಿಂಗಳು ಮೊದಲೇ ಬಂದಿದೆ. ಬೇರೆ ಮಕ್ಕಳು ನಾಲ್ಕು ತಿಂಗಳಿಗೆ ಕುತ್ತಿಗೆ ನಿಲ್ಲಿಸಿದರೆ, ಇದು ಐದೂವರೆ ತಿಂಗಳಿಗೆ ನಿಲ್ಲಿಸಿದರೂ ಸರಿಯೇ. ಆ ಹೊತ್ತಿಗೂ ಕುತ್ತಿಗೆ ನಿಲ್ಲದಿದ್ದರೆ, ಒಂದು ಕೈಯನ್ನು ಮಾತ್ರ ಆಡಿಸುತ್ತಿದ್ದರೆ, ಅಥವಾ ಹೆಬ್ಬೆರಳು ಮಡಚಿ ಮುಷ್ಟಿ ಬಿಗಿದೇ ಇದ್ದರೆ ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ.